ಎರಡು ಬಕೆಟ್ ಉಪ್ಪುನೀರು

ನಾಗಲಕ್ಷ್ಮಿ ಕಾಕು ಫೋನು ಮಾಡಿದಾಗ ಮಧ್ಯಾಹ್ನ ಹನ್ನೆರಡೂವರೆ. ರಾಣೇಬೆನ್ನೂರಿನ ನನ್ನ ಬೀಜದ ಅಂಗಡಿಯಲ್ಲಿ ಗುತ್ತಲ ಕಡೆಯ ಗಿರಾಕಿಯೊಬ್ಬ ಬದನೆ ಬೀಜ ಮೊಳೆಯಲೇ ಇಲ್ಲವೆಂದು ಜಗಳ ತೆಗೆದು ಕೂತಿದ್ದ. ನಾನೂ ಬಿಟ್ಟಿರಲಿಲ್ಲ, ನನ್ನ ಬಾಯಿ ಮೊದಲೇ ಸುಮಾರು.

"ಕಿರಣ್ಯಾ, ನಿಮ್ಮ ಕಾಕಾನ್ನ ನಾಕು ಗಂಟೇಕ ಹಾವೇರಿ ದವಾಖಾನಿಯಿಂದ ಹುಬ್ಬಳ್ಳಿಗೆ ಒಯ್ತಾರಂತ. ನಾಳಿ ಎದಿ ಆಪರೇಶನ್. ಚನ್ನೇಶ ಬಂದು ಮಾರಿ ತೋರಸೂತನ ಗಾಡಿ ಹತ್ತೂದಿಲ್ಲ ಅಂತ ಹಟಾ ಹಿಡದು ಕುಂತಾರ. ಡಾಕ್ಟರ್ ಬೈದು ಹೋದ್ರು. ನೀನರ ಅವನ್ನ ಕರಕೊಂಡು ಬಾರೋ."

"ನಾ ಕರದ್ರ ಬರ್ತಾನೇನ್ರಿ ಕಾಕು?"

"ಮುಂಜಾನಿಂದ ನನ್ನ ಫೋನ್ ಎತ್ತವಲ್ಲ. ನಿನ್ನ ಮಾತು ಕೇಳ್ತಾನ. ಸಣ್ಣಾಂವಿದ್ದಾಗಿಂದ ನಿನ್ನ ಮಾತೊಂದ ಕೇಳ್ತಾನ ಅಂವ."

ಆಕೆ ಅಳುತ್ತಿದ್ದಳು. ನಾನು ಗಿರಾಕಿಗೆ ದುಡ್ಡು ವಾಪಸ್ ಕೊಟ್ಟು ಶಟರ್ ಎಳೆದೆ. ಅವನಿಗೇ ಗಾಬರಿಯಾಗಿರಬೇಕು.

ಚನ್ನೇಶ ನನ್ನ ದೋಸ್ತ. ಪರಮೇಶಪ್ಪ ಕಾಕಾ ಅವನ ಅಪ್ಪ, ಬ್ಯಾಡಗಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟವರು. ಹದಿನಾಲ್ಕು ವರ್ಷದಿಂದ ಮಗ ಆ ಮನೆಯ ಹೊಸ್ತಿಲು ತುಳಿದಿಲ್ಲ. ಯಾಕೆ ಅಂದರೆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಅಪ್ಪ ಹುಚ್ಚುಚ್ಚಾರ ವೈರಿಂಗ್ ಮಾಡಿ ಮಗನ ಎಡಗೈ ಸುಟ್ಟ. ಅದು ಊರಿನ ಕಥೆ. ನನಗೆ ಗೊತ್ತಿದ್ದ ಕಥೆ ಬೇರೆ. ಅದನ್ನು ಇಷ್ಟು ವರ್ಷ ನುಂಗಿಕೊಂಡು ಕೂತಿದ್ದೆ, ಇವತ್ತು ಉಗುಳಲೇಬೇಕಿತ್ತು.

ನಾವು ಹದಿನೇಳರ ಹುಡುಗರಿದ್ದಾಗ ನಮ್ಮದೊಂದು ಬ್ಯಾಂಡ್ ಇತ್ತು. ಹೆಸರು 'ಘಾಟು'. ಚನ್ನೇಶ ಗಿಟಾರ್ ಹಿಡಿದು ಹಾಡುತ್ತಿದ್ದ, ಕನಕರಾಜ ಕೀಬೋರ್ಡು, ನಾನು ಡ್ರಮ್. ಕಾಕಾನ ತಗಡಿನ ಶೆಡ್ಡಿನಲ್ಲಿ ಮುಂದಿನ ಅರ್ಧ ಟ್ರ್ಯಾಕ್ಟರುಗಳಿಗೆ, ಹಿಂದಿನ ಅರ್ಧ ನಮಗೆ. ನನ್ನ ಡ್ರಮ್ ಸೆಟ್ ಅಂದರೆ ಬ್ರಾಸ್ ಬ್ಯಾಂಡಿನವರು ಬಿಸಾಕಿದ ದೊಡ್ಡ ಡೊಳ್ಳಿನಂಥದ್ದೊಂದು, ಸಣ್ಣವು ಎರಡು, ಝಲ್ಲೆನ್ನುವುದಕ್ಕೆ ಟ್ರ್ಯಾಕ್ಟರಿನ ಹಳೇ ಕ್ಲಚ್ ಪ್ಲೇಟು. ಆಂಪ್ಲಿಫೈಯರು ಕನಕರಾಜನ ಮಾವನದು, ಮದುವೆಗೆ ಬಾಡಿಗೆ ಕೊಟ್ಟು ಕೊಟ್ಟು ಮುದಿಯಾದದ್ದು. ಮೆಣಸಿನಕಾಯಿ ಸೀಜನ್ನಿನಲ್ಲಿ ಹಾಡಿನ ನಡುವೆ ಮೂವರೂ ಸೀನುತ್ತಿದ್ದೆವು. ಪಕ್ಕದ ಕಣದಲ್ಲಿ ತೊಟ್ಟು ಬಿಡಿಸಲು ಕೂತ ಹೊಳಿಯವ್ವ ನಮ್ಮ ಮೊದಲ ಹೊಡೆತ ಬಿದ್ದ ಕೂಡಲೇ "ಯಾರ ಸತ್ತ್ರಲೇ?" ಎಂದು ಕೂಗುತ್ತಿದ್ದಳು. ದಿನಾ ಕೂಗುತ್ತಿದ್ದಳು, ನಾವು ದಿನಾ ನಗುತ್ತಿದ್ದೆವು.

ಹಾವೇರಿಯ ಕಾಲೇಜೊಂದರ ಗ್ಯಾದರಿಂಗಿನಲ್ಲಿ ಮೊದಲ ಸಲ ಸ್ಟೇಜು ಹತ್ತಿದಾಗ ಹಿಂದಿನ ಸಾಲಿನವರು, "ಬ್ಯಾಡಗಿ ಮಾಲ್ ಬಂತಲೇ, ಬಣ್ಣ ಭಾಳ ಐತಿ, ಖಾರ ಇಲ್ಲ!" ಎಂದು ಕಾಲೆಳೆದರು. ಮೂರನೇ ಹಾಡಿಗೆ ಅದೇ ಮಂದಿ ಬೆಂಚು ಹತ್ತಿ ಕುಣಿದರು. ಅದು ಹಾವೇರಿ ಬಸ್ ಕಂಡಕ್ಟರನ ಮೇಲೆ ನಾವೇ ಕಟ್ಟಿದ ಹಾಡು. ಚನ್ನೇಶನ ದನಿ ಮೇಲೇರಿದಾಗ ನನಗೇ ಮೈ ಜುಮ್ಮೆಂದಿತ್ತು. ಅವನು ದೊಡ್ಡ ಹಾಡುಗಾರನಾಗುತ್ತಿದ್ದ. ಹೊಟ್ಟೆಕಿಚ್ಚಿನವನು ಹೇಳುತ್ತಿದ್ದೇನೆ, ಆದ್ದರಿಂದ ನಂಬಬಹುದು.

ಕರೆಂಟಿನದು ಬೇರೆಯೇ ಕಥೆ. ನಾವು ಕಾಲೇಜು ಮುಗಿಸಿ ಬರುವ ಹೊತ್ತಿಗೆ ಊರ ಲೈನಿನಲ್ಲಿ ಕರೆಂಟು ಇರುತ್ತಿರಲಿಲ್ಲ. ಶೆಡ್ಡಿನ ಹಿಂದೆ ಕಾಕಾನ ಬೋರಿಗೆ ಬರುವ ಪಂಪಿನ ಲೈನಿನಲ್ಲಿ ಮಾತ್ರ ಇರುತ್ತಿತ್ತು. ಆದರೆ ಪಂಪಿನ ಲೈನಿನಲ್ಲಿ ಕರೆಂಟು ಬರುವ ತಂತಿ ಇರುತ್ತದೆ, ವಾಪಸ್ ಹೋಗುವ ತಂತಿ ಇರುವುದಿಲ್ಲ. ನಮ್ಮ ಕಡೆ ರೈತರು ಆಗ ನೆಲವನ್ನೇ ಆ ತಂತಿ ಮಾಡಿಕೊಳ್ಳುತ್ತಾರೆ. ಗುಂಡಿ ತೋಡಿ, ಕಬ್ಬಿಣದ ಸಲಾಕೆ ಹುಗಿದು, ಅದಕ್ಕೆ ವೈರು ಕಟ್ಟಿ, ಪಂಪಿನ ಮನೆಯಲ್ಲಿ ಬಲ್ಬು ಉರಿಸುತ್ತಾರೆ. ಅಪಾಯವೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಮಗ ಬೆನ್ನು ಬಿದ್ದನೆಂದು ಕಾಕಾ ಶೆಡ್ಡಿನ ಹಿತ್ತಲಲ್ಲಿ ನಮ್ಮ ಆಂಪ್ಲಿಫೈಯರಿಗೂ ಹಾಗೆಯೇ ಮಾಡಿಕೊಟ್ಟರು. ಆ ಗುಂಡಿ ಯಾವಾಗಲೂ ಹಸಿ ಇರಬೇಕು. ಒಣಗಿತೆಂದರೆ ಸದ್ದು ಸೊರಗುತ್ತದೆ, ಕರೆಂಟು ಬೇಡದ ಕಡೆ ಹರಿಯುತ್ತದೆ, ಮೈಕಿಗೆ ತುಟಿ ತಾಗಿಸಿದ ಚನ್ನೇಶನಿಗೆ ಜುಮ್ಮ್ ಎಂದು ಹೊಡೆಯುತ್ತದೆ. ಒಮ್ಮೆ ಹೊಡೆದೂ ಇತ್ತು. ಅದಕ್ಕೇ ಶುರು ಮಾಡುವ ಮುಂಚೆ ಗುಂಡಿಗೆ ಎರಡು ಬಕೆಟ್ ಉಪ್ಪುನೀರು ಹಾಕಬೇಕೆಂದು ಕಾಕಾ ಕಟ್ಟಪ್ಪಣೆ ಮಾಡಿದ್ದರು. ಡ್ರಮ್ಮಿಗೆ ವೈರು ಜೋಡಿಸುವ ರಗಳೆ ಇಲ್ಲ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಆ ಜನವರಿಯಲ್ಲಿ ಹಾವೇರಿಯಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ ಇತ್ತು. ನಾಲ್ಕು ದಿನ ಮುಂಚೆ ಮಿರ್ಚಿ ಮಂಡಕ್ಕಿ ತಿನ್ನುತ್ತ ಚನ್ನೇಶ ಹೇಳಿದ:

"ದೋಸ್ತ, ರಾಣೇಬೆನ್ನೂರಿನ ಶಶಿಕಾಂತನ ಹಂತ್ಯಾಕ ಖರೇ ಡ್ರಮ್ ಸೆಟ್ ಐತಿ. ಸ್ಪರ್ಧಾಕ ಅಂವ ಬಾರಸ್ಲಿ. ನೀ ತಾಳ ಓಡಸ್ತಿ. ಸಿಟ್ಟಾಗಬ್ಯಾಡ."

"ನಾ ಯಾಕ ಸಿಟ್ಟಾಗ್ಲಿ?"

"ಐತವಾರ ಬರ್ತಾನ ಅಂವ. ಅಲ್ಲೀತನ ನೀನ ಬಾರಸು."

ಅಲ್ಲೀತನ ನೀನ ಬಾರಸು! ನಾನು ತಾಳ ಓಡಿಸುತ್ತಿದ್ದದ್ದು ಖರೆ, ಈಗಲೂ ಎಲ್ಲದರಲ್ಲೂ ಓಡಿಸುತ್ತೇನೆ. ಆದರೆ ಆ ಹರಕು ಡೊಳ್ಳಿಗೆ ತೊಗಲು ಹೊಲಿದವನು ನಾನು. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಬಕೆಟ್ ತುಂಬಿದೆ, ಉಪ್ಪು ಕಲಸಿದೆ. ಗುಂಡಿಯವರೆಗೆ ಒಯ್ದು ಅಲ್ಲೇ ಗೋಡೆಗೆ ಒತ್ತಿ ಇಟ್ಟು ವಾಪಸ್ ಬಂದೆ. ಹೊಸ ಡ್ರಮ್ಮರ್ ಬಂದು ಹಾಕಲಿ, ಇವತ್ತು ಚನ್ಯಾನ ತುಟಿ ಜುಮ್ಮೆನ್ನಲಿ ಎಂದುಕೊಂಡೆ. ಬರೀ ಅಷ್ಟೇ, ತುಟಿ ಜುಮ್ಮೆನ್ನಲಿ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಅಂದು ಸದ್ದು ಮೊದಲಿಂದಲೂ ಸೊರಗಿತ್ತು. ಮೈಕು ಚನ್ನೇಶನಿಗೆ ಎರಡು ಸಲ ಕಚ್ಚಿತು, ಅವನು ನಕ್ಕು ತುಸು ದೂರ ನಿಂತು ಹಾಡಿದ. ಶೆಡ್ಡಿನ ಮುಂದಿನ ಅರ್ಧದಲ್ಲಿ ಯಾರದೋ ಟ್ರ್ಯಾಕ್ಟರ್ ಬಂದಿತ್ತು. ಕಾಕಾ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿಕೆ ಕಿವಿಗೆ ಒತ್ತಿ ಬೇನೆ ಹಿಡಿಯುವ ಮನುಷ್ಯ. ನಮ್ಮ ಗದ್ದಲದಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಎರಡು ಸಲ ಬಂದು "ಲೇ, ಅರ್ಧಾ ತಾಸು ನಿಲ್ಲಸ್ರೋ, ಗಿರಾಕಿ ಕುಂತಾನ" ಎಂದರು. "ಇದೊಂದ ಹಾಡು, ಯಪ್ಪಾ" ಎಂದ ಚನ್ನೇಶ. ಆ ಒಂದು ಹಾಡು ಮುಗಿದು ಇನ್ನೊಂದಕ್ಕೆ ಕೈ ಹಾಕಿದ.

ಅವನು ಬರಿಗಾಲಲ್ಲಿ ನಿಲ್ಲುತ್ತಿದ್ದ. ಚಪ್ಪಲಿ ಇದ್ದರೆ ತಾಳ ಕಾಲಿಗೆ ಹತ್ತುವುದಿಲ್ಲ ಎನ್ನುವುದು ಅವನ ಹುಚ್ಚು. ಟ್ರ್ಯಾಕ್ಟರ್ ತೊಳೆದ ನೀರು ನೆಲದ ಮೇಲೆ ಹಾಗೇ ಇತ್ತು. ನಾನು ಗುಂಡಿ ಕಾಣುವ ಹಿತ್ತಲ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ, ಬಾರಿಸುವಾಗ ಕಣ್ಣು ಮುಚ್ಚುವುದು ನನ್ನ ಚಾಳಿ. ಹಾಡಿನ ನಡುವೆ ಗಿಟಾರ್ ನಿಂತಿತು. ದನಿಯೂ ನಿಂತಿತು. ನನ್ನ ತಾಳ ಓಡಿತೆಂದು ಬೇಕೆಂದೇ ನಿಲ್ಲಿಸಿದ್ದಾನೆ, ಮಗ, ಎಂದುಕೊಂಡು ಇನ್ನೂ ಜೋರಾಗಿ ಎರಡು ಸುತ್ತು ಬಾರಿಸಿದೆ. ಕನಕರಾಜ ಕಿರುಚಿದಾಗ ಕಣ್ಣು ತೆಗೆದೆ. ಚನ್ನೇಶ ಕೆಳಗೆ ಬಿದ್ದಿದ್ದ. ಎಡಗೈ ಬೆರಳು ಗಿಟಾರಿನ ತಂತಿಗೆ ಕಚ್ಚಿಕೊಂಡಿದ್ದವು. ಬಾಯಿ ತೆರೆದಿತ್ತು, ಅದರಿಂದ ಏನೂ ಹೊರಡುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಕಾಕಾ ಓಡಿ ಬಂದು ಪಂಪಿನ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆಳೆದರು. ಆಗ ಅವನ ಕೈ ಬಿಟ್ಟಿತು.

ಜೀವ ಉಳಿಯಿತು. ಎಡಗೈಯ ಕಿರುಬೆರಳು, ಉಂಗುರ ಬೆರಳು ಮತ್ತೆ ಮಡಚಲಿಲ್ಲ. ದವಾಖಾನೆಯಲ್ಲಿ ಕೇಳಿದವರಿಗೆಲ್ಲ ಕಾಕಾ ಒಂದೇ ಮಾತು ಹೇಳಿದರು: "ನನ್ನ ವೈರಿಂಗ್ ತಪ್ಪ್ರಿ." ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದು ಭುಜ ಗಟ್ಟಿಯಾಗಿ ಹಿಡಿದರು. "ತಮ್ಮಾ, ಆ ಗುಂಡೀ ಮಾತು ಯಾರ ಮುಂದೂ ಎತ್ತಬ್ಯಾಡ. ಆಗೂದು ಆಗಿ ಹೋತು."

ಗೋಡೆಗೆ ಒತ್ತಿದ್ದ ತುಂಬಿದ ಬಕೆಟ್ ಅವರು ನೋಡಿದ್ದಾರೆ, ನನ್ನ ತಪ್ಪನ್ನು ತಮ್ಮ ಮೈಮೇಲೆ ಹಾಕಿಕೊಂಡಿದ್ದಾರೆ ಎಂದು ನನಗೆ ಅನ್ನಿಸಿತು. ಅವರ ಕಾಲಿಗೆ ಬಿದ್ದೆ. ಅವರು ಕಾಲು ಹಿಂದೆ ಎಳೆದುಕೊಂಡರು.

ಮಗ ಮನೆಗೆ ಬಂದ ದಿನ ಗಿಟಾರ್ ಗುಜರಿಗೆ ಹೋಗಿತ್ತು. ಎಲ್ಲಿ ಎಂದು ಕೇಳಿದ್ದಕ್ಕೆ ಕಾಕಾ, "ಹೋತು ಬಿಡು, ಪೀಡಾ ತೊಲಗಿತು" ಎಂದರು. ಅಷ್ಟು ಸಾಕಾಯಿತು. ಕೈ ಸುಟ್ಟದ್ದಲ್ಲದೆ ನನ್ನನ್ನೇ ಪೀಡೆ ಎಂದನಲ್ಲ ಎನ್ನುವುದನ್ನು ಚನ್ನೇಶ ಇವತ್ತಿಗೂ ಮರೆತಿಲ್ಲ. ಒಂದು ವರ್ಷ ಹಲ್ಲು ಕಚ್ಚಿ ಇದ್ದ, ಆಮೇಲೆ ಕುಮಾರಪಟ್ಟಣದ ಸೋದರಮಾವನ ಮನೆಗೆ ಹೋದವನು ಅಲ್ಲೇ ಫ್ಯಾಕ್ಟರಿ ಸೇರಿದ. ದೀಪಾವಳಿಗೊಮ್ಮೆ ಹೋಗಿ ಅವನ ಮನೆಯಲ್ಲಿ ಹೋಳಿಗೆ ತಿಂದು ಬರುತ್ತಿದ್ದೆ. ಪ್ರತಿ ಸಲ ಹೇಳಿಬಿಡಬೇಕೆಂದು ಹೋಗುತ್ತಿದ್ದೆ. ಹೋಳಿಗೆ ಮಾತ್ರ ತಿಂದು ಬರುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಇವತ್ತು ಅಂಗಡಿ ಮುಚ್ಚಿದವನೇ ಕುಮಾರಪಟ್ಟಣಕ್ಕೆ ಬಂದಿದ್ದೆ. ಎರಡು ಗಂಟೆಗೆ ಫ್ಯಾಕ್ಟರಿಯ ಪಾಳಿ ಬಿಟ್ಟಿತು. ಗೇಟಿನ ಹೊರಗೆ ಬೈಕು ನಿಲ್ಲಿಸಿ ಕಾದೆ. ಅವನು ನನ್ನನ್ನು ದೂರದಿಂದಲೇ ನೋಡಿ ಮುಖ ಗಂಟು ಹಾಕಿದ.

"ಅವ್ವ ಕಳಿಸ್ಯಾಳ?"

"ನಾಕಕ್ಕ ಒಯ್ತಾರ ಲೇ. ನೀ ಬರೂತನ ಕಾಕಾ ಗಾಡಿ ಹತ್ತಾಂಗಿಲ್ಲಂತ. ಬಾ, ಹತ್ತು."

"ಹತ್ತದಿದ್ರ ಬಿಡ್ಲಿ. ಪೀಡಾ ತೊಲಗಿತು ಅಂದಾಂವಗ ಪೀಡಾದ ಮಾರಿ ಯಾಕ ಬೇಕಂತ?"

"ಚನ್ಯಾ, ಸತ್ತಗಿತ್ತಾರು."

"ನಿನ್ನ ಅಪ್ಪ ಏನು? ನಿನಗ್ಯಾಕ ಇಷ್ಟ ತ್ರಾಸ?"

ಎರಡೂ ಹತ್ತು. ಹಾವೇರಿಗೆ ಒಂದೂಕಾಲು ತಾಸಾದರೂ ಬೇಕು. ಅವನು ಬಸ್ ಸ್ಟಾಪಿನ ಕಡೆ ಹೊರಟ. ನಾನು ಬೈಕು ಬಿಟ್ಟು ಹಿಂದೆ ಓಡಿ ಅಂಗಿ ಹಿಡಿದು ನಿಲ್ಲಿಸಿದೆ.

"ಕಾಕಾನ ವೈರಿಂಗ್ ತಪ್ಪ ಇರಲಿಲ್ಲೋ. ನಾ ಅವತ್ತ ಗುಂಡಿಗೆ ನೀರ ಹಾಕಿರಲಿಲ್ಲ."

"ಮರತಿದ್ದಿ?"

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನೇ ದಾರಿ ತೋರಿಸಿ ಕೊಟ್ಟಿದ್ದ. ಆದರೆ ಬಾಯಿ ತೆರೆದ ಮೇಲೆ ಅರ್ಧ ಹೇಳಿ ಅರ್ಧ ನುಂಗುವುದು ನನ್ನಿಂದಾಗಲಿಲ್ಲ.

"ಮರತಿರಲಿಲ್ಲ. ಬೇಕಂತ ಬಿಟ್ಟೆ. ಶಶಿಕಾಂತನ ಸಿಟ್ಟು. ನಿನ್ನ ತುಟಿ ಜುಮ್ ಅನ್ಲಿ ಅಂತ ಬಿಟ್ಟೆ. ಕಾಕಾಗ ಎಲ್ಲಾ ಗೊತ್ತಿತ್ತು. ಯಾರ ಮುಂದೂ ಹೇಳಬ್ಯಾಡ ಅಂದು ತಮ್ಮ ಮ್ಯಾಲ ಹಾಕ್ಕೊಂಡ್ರು."

ಅವನು ನನ್ನ ಬಾಯಿಯನ್ನೇ ನೋಡಿದ. ಪಾಳಿ ಬಿಟ್ಟ ಮಂದಿ ನಮ್ಮನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಆಮೇಲೆ ಬಲಗೈ ಎತ್ತಿ ಕಪಾಳಕ್ಕೆ ಬಿಟ್ಟ. ಇನ್ನೊಂದು ಬಿಟ್ಟ. ಮಂದಿ ನಿಂತರು. ಕಣ್ಣಲ್ಲಿ ನೀರು ಬಂತು, ಆದರೆ ನಾನು ಕೈ ಅಡ್ಡ ಹಿಡಿಯಲಿಲ್ಲ.

"ಗಾಡಿ ತಗಿ" ಎಂದ.

ಅವನು ಬೈಕು ಹತ್ತಿದ. ನನ್ನ ಹೆಗಲಿಗೆ ಕೈ ಇಡಲಿಲ್ಲ, ಹಿಂದಿನ ಸರಳು ಹಿಡಿದು ಕೂತಿದ್ದ. ಲಾರಿಗಳ ನಡುವೆ ನುಗ್ಗಿಸಿ ಓಡಿಸಿದೆ, ಎಂಬತ್ತರ ಕೆಳಗೆ ಇಳಿಸಲಿಲ್ಲ. ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರಿನ ಹತ್ತಿರ ಮೂರೂ ಐದು. ಅಲ್ಲಿ ಅವನು ಗಾಳಿಯಲ್ಲಿ ಕೂಗಿದ:

"ನಾ ಬಿದ್ದ ಮ್ಯಾಲೂ ಬಾರಸಾಕತ್ತಿದ್ದೆಲ್ಲಾ, ಅದೂ ಬೇಕಂತನ?"

"ಇಲ್ಲೋ! ಕಣ್ಣು ಮುಚ್ಚಿದ್ದೆ! ಖರೇನ ಗೊತ್ತಿರಲಿಲ್ಲೋ!"

ಅವನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ಹಾವೇರಿಯ ದವಾಖಾನೆಯ ಬಾಗಿಲಿಗೆ ಆಂಬುಲೆನ್ಸ್ ಹಚ್ಚಿ ನಿಲ್ಲಿಸಿದ್ದರು. ಮೇಲಿನ ವಾರ್ಡಿನಲ್ಲಿ ಕಾಕಾ ದಿಂಬಿಗೆ ಒರಗಿ ಕೂತಿದ್ದರು. ಟ್ರ್ಯಾಕ್ಟರಿನ ಇಂಜಿನ್ನು ಒಬ್ಬರೇ ಅಲುಗಿಸುತ್ತಿದ್ದ ತೋಳುಗಳು ಸಪೂರವಾಗಿ ಹೋಗಿದ್ದವು. ಮಗನನ್ನು ನೋಡಿದವರೇ ದಿಂಬು ಬಿಟ್ಟು ಮುಂದಕ್ಕೆ ಬಾಗಿದರು. ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು.

ಚನ್ನೇಶ ಕಾಟಿನ ಕಾಲ ಬಳಿ ನಿಂತ. "ಯಪ್ಪಾ, ಕಿರಣ್ಯಾ ಎಲ್ಲಾ ಹೇಳಿದ. ನಿಂದೇನೂ ತಪ್ಪ ಇರಲಿಲ್ಲಂತ. ನಾ ಸುಮ್ನ ಇಷ್ಟ ವರ್ಷ..." ಎಂದು ಅಪ್ಪನ ಪಾದ ಹಿಡಿದ.

ಕಾಕಾ ನನ್ನ ಕಡೆ ನೋಡಿದರು. "ಏನ ಹೇಳಿದಿ ತಮ್ಮಾ?"

"ನೀರ ಹಾಕದ್ದು ಹೇಳೀನ್ರಿ ಕಾಕಾ. ಬಕೆಟ್ ಗ್ವಾಡಿಗೆ ಇಟ್ಟು ಬಂದಿದ್ದೆ. ನೀವು ನನ್ನ ಮುಚ್ಚಿಟ್ಟಿದ್ದು ಸಾಕ್ರಿ."

"ನೀರ ಹಾಕಿರಲಿಲ್ಲಾ ನೀ?"

ಅವರಿಗೆ ಗೊತ್ತೇ ಇರಲಿಲ್ಲ! ಕೇಳಿದ ರೀತಿಯಲ್ಲೇ ಅದು ತಿಳಿಯಿತು. ನನಗೆ ತಲೆಬುಡ ತಿಳಿಯಲಿಲ್ಲ. ಕಾಕಾ ತಮ್ಮ ಪಾದ ಹಿಡಿದು ಬಗ್ಗಿದ ಮಗನ ತಲೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮಗನನ್ನು ನೋಡಿದರು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಮಗ ಸಿಕ್ಕಿದ್ದ, ಅದೂ ಕೈಗೆ ಕೊಳೆ ಹತ್ತದೆ. ಅವರು ಅದನ್ನು ಯೋಚಿಸಿದ್ದು ನನಗೆ ಕಾಣಿಸಿತು. ಕಾಕುಗೂ ಏನೋ ಕಾಣಿಸಿರಬೇಕು.

"ಸುಮ್ಮಿರ್ರಿ. ಡಾಕ್ಟರ್ ಮಾತಾಡಬ್ಯಾಡ ಅಂದಾರ. ಬರ್ರಿ, ಗಾಡಿ ಹತ್ತೋಣು" ಎಂದಳು.

"ತಡಿ." ಕಾಕಾ ಉಸಿರು ಎಳೆದುಕೊಂಡರು. "ನೀರ ಹಾಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ. ಹೊಡತ ಬಿದ್ದಿದ್ದು ಅದಕ್ಕಲ್ಲ. ಗುಂಡ್ಯಾಗಿನ ವೈರ್ ಬಿಚ್ಚಿದಾಂವ ನಾನು."

ಚನ್ನೇಶ ತಲೆ ಎತ್ತಿದ.

"ಎರಡ ಸರ್ತಿ ಹೇಳಿದೆ, ನೀವು ಕೇಳಲಿಲ್ಲ. ಗಿರಾಕಿ ನಗಾಕತ್ತಿದ್ದ, ಮಕ್ಕಳಿಗೆ ಅಂಜ್ತಾನ ಅಂತ. ಸಿಟ್ಟು ನೆತ್ತಿಗೇರಿತ್ತು. ಹಿತ್ತಲಿಗೆ ಹೋಗಿ ಸಲಾಕಿ ವೈರ್ ಕಿತ್ತ ಒಗದೆ. ಅರ್ಥಿಂಗ್ ಪೂರಾ ಇಲ್ಲಂದ್ರ ಕರೆಂಟ ಹರಿಯೂದಿಲ್ಲ, ನಿಮ್ಮ ಹಾಡಿನ ಮಶೀನ್ ಬಂದ್ ಆಗ್ತೈತಿ, ಹುಡುಗ್ರು ಮನಿಗೆ ಹೋಗ್ತಾರ ಅಂತ ತಿಳಕೊಂಡೆ. ಮಶೀನ್ ಬಂದ್ ಆತು. ಹೋಗಾಕ ದಾರಿ ಇಲ್ಲದ್ದಕ್ಕ ಕರೆಂಟ್ ಎಲ್ಲಾ ತಂತ್ಯಾಗ ಬಂತು, ನಿನ್ನ ಕೈಯಾಗ ಬಂತು." ಅವರು ನನ್ನ ಕಡೆ ತಿರುಗಿದರು. "ನೀ ಕಿಟಕಿಗೆ ಮಾರಿ ಮಾಡಿ ಕುಂತಿದ್ದಿ. ನಾ ಕೀಳೂದು ನೋಡೀದಿ ಅಂತ ಅಂಜಿ, ಯಾರ ಮುಂದೂ ಹೇಳಬ್ಯಾಡ ಅಂದೆ."

ನಾನು ಕ್ಷಮೆ ಎಂದು ತಿಳಿದು ತಲೆಯ ಮೇಲೆ ಹೊತ್ತು ತಿರುಗಿದ್ದು ಅವರ ಭಯವಾಗಿತ್ತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ನನ್ನದಲ್ಲ, ನಾನಲ್ಲ ಎಂದು ಎದೆ ಕುಣಿಯಿತು. ಎದುರಿಗೆ ಒಬ್ಬ ಮುದುಕ ಸಿಕ್ಕ ಮಗನನ್ನು ತಾನೇ ಕಳೆದುಕೊಳ್ಳುತ್ತ ಕೂತಿದ್ದಾನೆ, ನನಗೆ ಖುಷಿ!

ಚನ್ನೇಶ ಪಾದ ಬಿಟ್ಟು ಎದ್ದು ನಿಂತ.

"ಅವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಟ್ಟ ಹೋಗ್ತಿದ್ದಿ."

"ಹೇಳದಿದ್ರೂ ಹೋದೆ."

"ಹೂಂ. ಹೇಳದಿದ್ರೂ ಹೋದಿ" ಎಂದರು ಕಾಕಾ. "ಗಿಟಾರ್ ನೋಡಿದ್ರ ಅನ್ನ ಇಳೀತಿರಲಿಲ್ಲ ನಂಗ. ಅದಕ್ಕ ಒಗದೆ, ಅದಕ್ಕ ಪೀಡಾ ಅಂದೆ. ನಿನಗಂದಿದ್ದಲ್ಲೋ. ನಾಳಿ ಏನಾಗ್ತೈತೋ ಏನೋ, ಸುಳ್ಳ ಕಟಗೊಂಡು ಹೋಗಬಾರದು ಅಂತ ಕರಸಿದೆ. ಇನ್ನ ನೀ ಹೋಗ್ತಿದ್ರ ಹೋಗು. ನಾ ಗಾಡಿ ಹತ್ತತೇನಿ."

ಚನ್ನೇಶ ಬಾಗಿಲವರೆಗೆ ನಡೆದ. ಕಾಕು "ಚನ್ನೇಶಾ" ಎಂದು ಸಣ್ಣಗೆ ಕೂಗಿ ಗೋಡೆ ಹಿಡಿದಳು. ಅವನು ನಮಗೆ ಬೆನ್ನು ಹಾಕಿ ನಿಂತೇ ಇದ್ದ. ಅಷ್ಟರಲ್ಲಿ ಸ್ಟ್ರೆಚರ್ ತಳ್ಳಿಕೊಂಡು ಬಂದವರು, "ಪೇಷಂಟ್ ಜೋಡಿ ಯಾರ ಬರ್ತೀರಿ? ಲಗೂನ ಹೇಳ್ರಿ" ಎಂದರು. ಕಾಕು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವನು ತಿರುಗಿದ.

"ನಾ ಬರ್ತೇನ್ರಿ. ಮಗ" ಎಂದ.

ಬಂದು ಅಪ್ಪನ ಕಂಕುಳಿಗೆ ಕೈ ಕೊಟ್ಟ. ಎಡಗೈಯ ಎರಡು ಬೆರಳು ನೆಟ್ಟಗೆ ಹೊರಗೇ ಇದ್ದವು, ಉಳಿದವುಗಳಿಂದ ಗಟ್ಟಿ ಹಿಡಿದು ಎತ್ತಿದ. ಕಾಕಾ ಮಗನ ಕುತ್ತಿಗೆಗೆ ಮುಖ ಒತ್ತಿ ಅತ್ತರು. ಅವನು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎತ್ತಿದ, ಅಷ್ಟೇ.

ಕೆಳಗೆ ಆಂಬುಲೆನ್ಸಿನಲ್ಲಿ ಕಾಕಾನನ್ನು ಮಲಗಿಸಿ ಕಾಕುವನ್ನೂ ಹತ್ತಿಸಿದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ನಾನು ಬೈಕಿನ ಕೀಲಿ ತೆಗೆದು, "ನಾ ಹಿಂದ ಬರ್ತೇನಿ ಲೇ, ಹುಬ್ಬಳ್ಳ್ಯಾಗ ಏನರ ಬೇಕಾಗ್ತದ" ಎಂದೆ. ನನ್ನ ದನಿಯಲ್ಲಿ ಹಗುರವಾದದ್ದೇನೋ ಇತ್ತು. ಅವನಿಗೂ ಅದು ಕೇಳಿಸಿತು.

"ಬರಬ್ಯಾಡ" ಎಂದ.

"ಯಾಕಲೇ? ಕಾಕಾನ ಹೇಳಿದ್ರಲ್ಲ, ನೀರಿಂದ ಆಗಿದ್ದಲ್ಲಂತ."

"ಯಪ್ಪಗ ಗೊತ್ತಿರಲಿಲ್ಲ ಕಿರಣ್ಯಾ. ವೈರ್ ಕಿತ್ತರ ಮಶೀನ್ ಬಂದ್ ಆಗ್ತೈತಿ ಅಂತಷ್ಟ ತಿಳಕೊಂಡಿದ್ದ. ನೀರ ಹಾಕದಿದ್ರ ನನಗ ಹೊಡೀತೈತಿ ಅಂತ ನಿನಗ ಗೊತ್ತಿತ್ತು."

ಅವನು ಒಳಗೆ ಹತ್ತಿ ಬಾಗಿಲು ಎಳೆದುಕೊಂಡ. ಗಾಡಿ ಹುಬ್ಬಳ್ಳಿ ರಸ್ತೆಗೆ ತಿರುಗುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಬೈಕು ರಾಣೇಬೆನ್ನೂರಿನ ಕಡೆ ತಿರುಗಿಸಿದೆ.